ದುಬೈಯಿಂದ ಮಂಗಳೂರಿಗೆ ಮಕ್ಕಳ ಜೊತೆ: ಯಾರಿಗೆ ಯಾವ ಟಿಕೆಟ್, ಎಷ್ಟು ಕಿಲೋ?

ಪ್ರಶ್ನೆ: ನಾವು ದುಬೈಯ ಅಲ್ ನಹ್ದಾದಲ್ಲಿದ್ದೇವೆ. ಊರು ಪುತ್ತೂರಿನ ಹತ್ತಿರ. ಶಾಲೆಗೆ ರಜೆ ಸಿಕ್ಕಿದ ಕೂಡಲೇ, ಜುಲೈ ಮೊದಲ ವಾರ, ಊರಿಗೆ ಹೊರಡಬೇಕು. ನಾನು, ಯಜಮಾನರು, ಆರು ವರ್ಷದ ಮಗ, ಮತ್ತೆ ಪುಟ್ಟ ಮಗಳು. ಮಗಳಿಗೆ ಆಗಸ್ಟ್ 9ಕ್ಕೆ ಎರಡು ವರ್ಷ ತುಂಬುತ್ತದೆ. ಯಜಮಾನರಿಗೆ ಹತ್ತೇ ದಿನ ರಜೆ, ಅವರು ಮೊದಲೇ ವಾಪಸ್. ನಾನು ಮಕ್ಕಳ ಜೊತೆ ಆಗಸ್ಟ್ ಕೊನೆಗೆ ಬರುತ್ತೇನೆ. ಆಗ ಅತ್ತೆಯೂ ವಿಸಿಟ್ ವೀಸಾದಲ್ಲಿ ನಮ್ಮ ಜೊತೆ ಬರುತ್ತಾರೆ. ‘ಲೈಟ್’ ಟಿಕೆಟ್ ಕಡಿಮೆಗೆ ಕಾಣುತ್ತದೆ, ಆದರೆ ಅದರಲ್ಲಿ ಲಗೇಜ್ ಇಲ್ಲ. ಒಬ್ಬರಿಗೆ ಹುಡುಕಿದರೆ ಒಂದು ರೇಟು, ಮೂವರಿಗೆ ಹುಡುಕಿದರೆ ತಲೆಗೇ ಬೇರೆ ರೇಟು. ಯಾವುದು ತೆಗೆಯಬೇಕು? ಮಗಳಿಗೆ ಸೀಟು ಬೇಕಾ? ಒಟ್ಟು ಎಷ್ಟು ಕಿಲೋ ಒಯ್ಯಬಹುದು?

ಉತ್ತರ: ಮಗಳ ಹುಟ್ಟುಹಬ್ಬದಿಂದಲೇ ಶುರು ಮಾಡೋಣ. ನಿಮ್ಮ ಲೆಕ್ಕವೆಲ್ಲ ತಿರುಗುವುದು ಆ ತಾರೀಕಿನಲ್ಲಿ.

ಎರಡು ವರ್ಷ ತುಂಬದ ಮಗು ವಿಮಾನ ಕಂಪನಿಗಳ ಭಾಷೆಯಲ್ಲಿ ‘ಇನ್‌ಫೆಂಟ್’. ಅದಕ್ಕೆ ಬೇರೆ ಸೀಟಿಲ್ಲ, ಅಮ್ಮನ ಅಥವಾ ಅಪ್ಪನ ಮಡಿಲೇ ಸೀಟು. ಹಾಗಂತ ಟಿಕೆಟ್ ಬೇಡ ಎಂದಲ್ಲ. ಹೆಸರು ಸೇರಿಸಬೇಕು, ಪಾಸ್‌ಪೋರ್ಟ್ ಬೇಕು, ಹಣವನ್ನೂ ಕಟ್ಟಬೇಕು. ಬಜೆಟ್ ಕಂಪನಿಗಳು ಸಾಮಾನ್ಯವಾಗಿ ಇದಕ್ಕೆ ಒಂದು ನಿಗದಿ ಮೊತ್ತ ಇಟ್ಟಿರುತ್ತವೆ. ಎರಡು ತುಂಬಿತೋ, ಮಗು ‘ಚೈಲ್ಡ್’ ಆಯಿತು. ಆಮೇಲೆ ಸೀಟು ಬೇಕೇ ಬೇಕು. ಬಜೆಟ್ ಕಂಪನಿಗಳಲ್ಲಿ ಮಕ್ಕಳ ಸೀಟು ಅಂದರೆ ಹೆಚ್ಚುಕಮ್ಮಿ ದೊಡ್ಡವರ ದರವೇ. ಅರ್ಧ ಟಿಕೆಟ್ ಎಂಬುದು ಬಸ್ಸಿನ ಮಾತು, ಇಲ್ಲಿ ನಡೆಯುವುದಿಲ್ಲ.

ಟಿಕೆಟ್ ತೆಗೆಯುವ ದಿನ ಮಗುವಿಗೆ ಎಷ್ಟು ವಯಸ್ಸು ಎಂಬುದನ್ನು ಯಾರೂ ಕೇಳುವುದಿಲ್ಲ. ಹಾರುವ ದಿನ ಎಷ್ಟು, ಅಷ್ಟೇ. ಹಾಗಾಗಿ ಜುಲೈಯಲ್ಲಿ ಹೋಗುವಾಗ ನಿಮ್ಮ ಮಗಳು ಇನ್‌ಫೆಂಟ್, ಆಗಸ್ಟ್ ಕೊನೆಗೆ ಬರುವಾಗ ಚೈಲ್ಡ್. ಇಲ್ಲಿ ತುಂಬ ಜನ ಎಡವುತ್ತಾರೆ. ಹೋಗಿ ಬರುವ ಟಿಕೆಟನ್ನು ಒಂದೇ ಬುಕಿಂಗಿನಲ್ಲಿ ತೆಗೆಯುತ್ತಾರೆ, ಮಗುವನ್ನು ಎರಡೂ ಕಡೆಗೆ ಇನ್‌ಫೆಂಟ್ ಎಂದು ಹಾಕುತ್ತಾರೆ. ಕೆಲವು ವೆಬ್‌ಸೈಟುಗಳು ಹುಟ್ಟಿದ ದಿನ ನೋಡಿ ತಡೆಯುತ್ತವೆ, ಕೆಲವು ಸುಮ್ನೆ ಬಿಟ್ಟುಬಿಡುತ್ತವೆ. ಬಿಟ್ಟರೆ ಅದು ಲಾಭವಲ್ಲ. ಮಂಗಳೂರಿನ ಕೌಂಟರಿನಲ್ಲಿ ಪಾಸ್‌ಪೋರ್ಟ್ ನೋಡುತ್ತಾರೆ. ಆಗಸ್ಟ್ ಕೊನೆಯ ವಾರ, ಆ ದಿನದ ರೇಟಿನಲ್ಲಿ, ಸೀಟು ಉಳಿದಿದ್ದರೆ ಕೊಳ್ಳಬೇಕಾಗುತ್ತದೆ. ಉಳಿಯದಿದ್ದರೆ ಏನು ಎಂದು ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಆದ್ದರಿಂದ ಹೋಗುವುದು ಒಂದು ಬುಕಿಂಗ್, ಬರುವುದು ಇನ್ನೊಂದು ಬುಕಿಂಗ್. ಬಜೆಟ್ ಕಂಪನಿಗಳು ಒಂದೊಂದು ದಿಕ್ಕಿಗೂ ಬೇರೆ ಬೇರೆ ಬೆಲೆ ಕಟ್ಟುವುದರಿಂದ, ಹೀಗೆ ಬಿಡಿಬಿಡಿಯಾಗಿ ತೆಗೆದರೆ ಸಾಮಾನ್ಯವಾಗಿ ನಷ್ಟವಿಲ್ಲ. ನಿಮ್ಮ ಮನೆಯಲ್ಲಂತೂ ಹೋಗುವ ಗುಂಪೇ ಬೇರೆ, ಬರುವ ಗುಂಪೇ ಬೇರೆ. ಒಟ್ಟಿಗೆ ತೆಗೆಯುವುದರಲ್ಲಿ ಅರ್ಥವೂ ಇಲ್ಲ.

ಇನ್ನೊಂದು ದಾರಿಯೂ ಇದೆ. ಆಗಸ್ಟ್ 9ಕ್ಕೆ ಮೊದಲೇ ವಾಪಸ್ ಬಂದರೆ ಮಗಳು ಮಡಿಲಲ್ಲೇ ಬರುತ್ತಾಳೆ, ಒಂದು ಸೀಟಿನ ದುಡ್ಡು ಉಳಿಯುತ್ತದೆ. ಜೊತೆಗೆ ಆಗಸ್ಟ್ ಮೊದಲ ವಾರ ದುಬೈ ಕಡೆಗೆ ಅಂಥ ನೂಕುನುಗ್ಗಲು ಇರುವುದಿಲ್ಲ. ಎಲ್ಲರೂ ಶಾಲೆ ತೆರೆಯುವ ಹೊತ್ತಿಗೆ, ಕೊನೆಯ ವಾರದಲ್ಲೇ ಮುಗಿಬೀಳುವುದು. ಎರಡೂ ಸೇರಿದರೆ ದೊಡ್ಡ ಮೊತ್ತವೇ ಉಳಿಯಬಹುದು. ಆದರೆ ಮಗಳ ಎರಡನೇ ಹುಟ್ಟುಹಬ್ಬ ಅಜ್ಜಿಮನೆಯಲ್ಲಿ ಆಗಬೇಕು ಎಂಬ ಆಸೆ ನಿಮಗಿದ್ದರೆ ನಾನು ಬೇಡ ಎನ್ನುವುದಿಲ್ಲ. ಎರಡು ತಾರೀಕಿನ ರೇಟನ್ನೂ ನೋಡಿ, ವ್ಯತ್ಯಾಸ ಎಷ್ಟೆಂದು ತಿಳಿದುಕೊಂಡು ತೀರ್ಮಾನಿಸಿ.

ಈಗ ಮೂವರಿಗೆ ಹುಡುಕಿದರೆ ರೇಟು ಏಕೆ ಏರುತ್ತದೆ ಎಂಬ ಪ್ರಶ್ನೆ. ಇದರಲ್ಲಿ ಮೋಸವಿಲ್ಲ, ಆದರೆ ಯಾರೂ ಬಿಡಿಸಿ ಹೇಳುವುದಿಲ್ಲ. ಒಂದೇ ವಿಮಾನದ ಸೀಟುಗಳನ್ನು ಕಂಪನಿ ಹಲವು ಬೆಲೆಗಳ ಕಂತುಗಳಾಗಿ ಮಾರಾಟಕ್ಕಿಡುತ್ತದೆ. ಕಡಿಮೆ ಬೆಲೆಯ ಕಂತು ಖಾಲಿಯಾದ ಮೇಲೆ ಮುಂದಿನದು ತೆರೆಯುತ್ತದೆ. ಕಡಿಮೆ ಕಂತಿನಲ್ಲಿ ಎರಡೇ ಸೀಟು ಉಳಿದಿದೆ ಅಂದುಕೊಳ್ಳಿ. ನೀವು ಮೂರು ಕೇಳಿದಿರಿ. ಆಗ ಕಂಪ್ಯೂಟರು ಎರಡನ್ನು ಕಡಿಮೆಗೆ, ಒಂದನ್ನು ಜಾಸ್ತಿಗೆ ಎಂದು ಕೊಡುವುದಿಲ್ಲ. ಮೂರೂ ಒಟ್ಟಿಗೆ ಸಿಗುವ ಕಂತಿಗೆ ಹೋಗಿ, ಮೂವರಿಗೂ ಆ ಮೇಲಿನ ಬೆಲೆಯನ್ನೇ ಹಾಕುತ್ತದೆ. ಮಡಿಲಲ್ಲಿ ಕೂರುವ ಮಗು ಈ ಎಣಿಕೆಗೆ ಬರುವುದಿಲ್ಲ.

ಇದನ್ನು ಪತ್ತೆ ಮಾಡುವುದು ಸುಲಭ. ಮೊದಲು ಒಬ್ಬರಿಗೆ ಹುಡುಕಿ, ಆಮೇಲೆ ಇಬ್ಬರಿಗೆ, ಆಮೇಲೆ ಮೂವರಿಗೆ. ಎಲ್ಲಿ ರೇಟು ಜಿಗಿಯುತ್ತದೋ ಅಲ್ಲಿ ಕಂತು ಮುಗಿದಿದೆ. ಇಬ್ಬರವರೆಗೆ ಒಂದೇ ರೇಟು, ಮೂವರಿಗೆ ಜಾಸ್ತಿ ಎಂದಾದರೆ ಎರಡು ಬುಕಿಂಗ್ ಮಾಡಿ. ಹೀಗೆ ಒಡೆಯಿರಿ ಎಂದು ನಾನು ಎಲ್ಲರಿಗೂ ಹೇಳುವುದಿಲ್ಲ. ಬೇರೆ ಬೇರೆ ಪಿಎನ್‌ಆರ್ (ಬುಕಿಂಗ್ ನಂಬರು) ಆದರೆ ಕಳೆದುಕೊಳ್ಳುವುದೂ ಇದೆ. ಲಗೇಜನ್ನು ಒಟ್ಟಿಗೆ ತೂಗಿಸುವ ಅನುಕೂಲ ಹೋಗುತ್ತದೆ. ವಿಮಾನ ರದ್ದಾದರೆ ಒಂದು ಪಿಎನ್‌ಆರ್‌ನವರನ್ನು ಬೆಳಗಿನ ವಿಮಾನಕ್ಕೆ, ಇನ್ನೊಂದರವರನ್ನು ರಾತ್ರಿಯ ವಿಮಾನಕ್ಕೆ ಹಾಕಿಬಿಡಬಹುದು. ಮಕ್ಕಳನ್ನು ಹೆತ್ತವರ ಪಕ್ಕ ಕೂರಿಸುವ ನಿಯಮವೂ ಒಂದೇ ಪಿಎನ್‌ಆರ್‌ನಲ್ಲಿರುವವರಿಗೆ ಮಾತ್ರ.

ಆ ನಿಯಮ ಇದು: 2024ರ ಏಪ್ರಿಲ್‌ನಲ್ಲಿ ಭಾರತದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಒಂದು ಸೂಚನೆ ಕೊಟ್ಟಿತು. 12 ವರ್ಷದವರೆಗಿನ ಮಕ್ಕಳಿಗೆ, ಅದೇ ಪಿಎನ್‌ಆರ್‌ನಲ್ಲಿ ಪ್ರಯಾಣ ಮಾಡುವ ತಂದೆ, ತಾಯಿ ಅಥವಾ ಪೋಷಕರಲ್ಲಿ ಒಬ್ಬರ ಜೊತೆಯಾದರೂ ಸೀಟು ಕೊಡಬೇಕು. ಸೀಟು ಆರಿಸಲು ದುಡ್ಡು ಕಟ್ಟದಿದ್ದರೆ ಮಗು ಎಲ್ಲೋ ಹಿಂದಿನ ಸಾಲಿಗೆ ಹೋಗುತ್ತದೆ ಎಂದು ಹೆದರಿ ಮನೆಮಂದಿಗೆಲ್ಲ ಸೀಟಿನ ದುಡ್ಡು ಕಟ್ಟುವವರಿದ್ದಾರೆ. ಅಷ್ಟು ಬೇಡ. ಆದರೆ ‘ಒಬ್ಬರ ಜೊತೆ’ ಎಂಬುದನ್ನು ಗಮನಿಸಿ. ಇಡೀ ಕುಟುಂಬ ಒಂದೇ ಸಾಲಿನಲ್ಲಿ ಎಂದು ಅದರಲ್ಲಿ ಹೇಳಿಲ್ಲ.

ನಿಮ್ಮ ವಿಷಯದಲ್ಲಿ ಮಾತ್ರ ಒಡೆಯುವುದಕ್ಕೆ ಒಳ್ಳೆಯ ಜಾಗ ತಾನಾಗಿಯೇ ಇದೆ. ಅದು ನಿಮ್ಮ ಯಜಮಾನರು. ಅವರು ಹೇಗೂ ಬೇರೆ ದಿನ ವಾಪಸ್ ಬರುತ್ತಾರೆ. ನೀವು, ಮಗ, ಮಡಿಲಲ್ಲಿ ಮಗಳು ಒಂದು ಪಿಎನ್‌ಆರ್. ಯಜಮಾನರು ಅದೇ ವಿಮಾನದಲ್ಲಿ ಇನ್ನೊಂದು ಪಿಎನ್‌ಆರ್. ಮಕ್ಕಳಿಬ್ಬರೂ ನಿಮ್ಮ ಜೊತೆಗೇ ಇರುವುದರಿಂದ ಸೀಟಿನ ನಿಯಮ ನಿಮಗೆ ಸಿಗುತ್ತದೆ. ಬುಕಿಂಗ್ ಆದ ಮೇಲೆ ಕಾಲ್ ಸೆಂಟರಿಗೆ ಫೋನ್ ಮಾಡಿ, ಎರಡೂ ಒಂದೇ ಮನೆಯವರದ್ದು ಎಂದು ದಾಖಲು ಮಾಡಿಸಿ. ಅವರಿಗೆ ನಿಮ್ಮ ಹತ್ತಿರವೇ ಸೀಟು ಬೇಕೆಂದರೆ ಅವರೊಬ್ಬರಿಗೆ ಮಾತ್ರ ದುಡ್ಡು ಕಟ್ಟಿ ಆರಿಸಿ.

ಅವರನ್ನು ಬೇರೆ ಮಾಡಲು ಇನ್ನೂ ದೊಡ್ಡ ಕಾರಣವಿದೆ, ಅದು ಕಿಲೋ.

ಲೈಟ್ ಟಿಕೆಟ್ ಹುಟ್ಟಿದ ಕಥೆ ಸಣ್ಣದು. ವಿಮಾನದ ಸೀಟಿಗೆ ಬೇರೆ, ಲಗೇಜಿಗೆ ಬೇರೆ, ಊಟಕ್ಕೆ ಬೇರೆ ಎಂದು ಬಿಡಿಸಿ ಮಾರಲು ಡಿಜಿಸಿಎ ಒಪ್ಪಿಗೆ ಇದೆ. ಚೆಕ್-ಇನ್ ಲಗೇಜ್ ಇಲ್ಲದವರಿಗೆ ಕಡಿಮೆ ದರ ಕೊಡಬಹುದು ಎಂದು 2021ರ ಫೆಬ್ರವರಿಯಲ್ಲಿ ಹೇಳಿತು. ಏರ್ ಇಂಡಿಯಾ ಎಕ್ಸ್‌ಪ್ರೆಸ್ 2024ರಲ್ಲಿ ‘ಎಕ್ಸ್‌ಪ್ರೆಸ್ ಲೈಟ್’ ತಂದಿತು. ಕೈಯಲ್ಲಿ ಹಿಡಿದ ಬ್ಯಾಗು ಮಾತ್ರ, ಕೆಳಗೆ ಹಾಕುವ ಲಗೇಜ್ ಇಲ್ಲ. ಅದೇ ಕಂಪನಿ 2025ರ ಜನವರಿಯಲ್ಲಿ ಕೊಲ್ಲಿ ದೇಶಗಳ ಮಾರ್ಗದ ಮಾಮೂಲಿ ಟಿಕೆಟಿಗೆ ಚೆಕ್-ಇನ್ ಲಗೇಜನ್ನು 30 ಕಿಲೋಗೆ ಏರಿಸಿತು. ಕ್ಯಾಬಿನ್ನಿಗೆ 7 ಕಿಲೋ ಬೇರೆ. ಇನ್‌ಫೆಂಟ್ ಜೊತೆಗಿದ್ದರೆ ಇನ್ನೂ 10 ಕಿಲೋ ಚೆಕ್-ಇನ್ ಉಚಿತ ಎಂದಿತು. ಈ ಅಂಕಿಗಳು ಕಲ್ಲಿನಲ್ಲಿ ಕೆತ್ತಿದ್ದಲ್ಲ. ಕಂಪನಿಗಳು ಸೀಸನ್ ನೋಡಿ ಬದಲಾಯಿಸುತ್ತಿರುತ್ತವೆ. ಹಣ ಕಟ್ಟುವ ಮೊದಲು ಪರದೆಯ ಮೇಲೆ ಏನಿದೆ ಎಂದು ನೋಡಿ, ಆಮೇಲೆ ಕೈಗೆ ಬಂದ ಟಿಕೆಟ್ಟಿನಲ್ಲೂ ಅದೇ ಇದೆಯೇ ಎಂದು ನೋಡಿ. ಕೌಂಟರಿನಲ್ಲಿ ನಡೆಯುವುದು ಟಿಕೆಟ್ಟಿನಲ್ಲಿ ಅಚ್ಚಾದ ಕಿಲೋ ಮಾತ್ರ.

ಈ ಲೆಕ್ಕ ಹಿಡಿದರೆ ನಿಮ್ಮ ಪಿಎನ್‌ಆರ್‌ಗೆ ಎಷ್ಟಾಯಿತು? ನಿಮಗೆ 30, ಮಗನಿಗೆ 30, ಮಗಳ ಹೆಸರಲ್ಲಿ 10. ಒಟ್ಟು 70 ಕಿಲೋ. ಆರು ವರ್ಷದ ಹುಡುಗನಿಗೆ ಪೂರ್ತಿ 30 ಯಾಕೆ ಎಂದು ಕೇಳಬೇಡಿ. ಪೂರ್ತಿ ದುಡ್ಡು ಕೊಟ್ಟಿದ್ದೀರಿ, ಪೂರ್ತಿ ಕಿಲೋ ನಿಮ್ಮದು. ಬೇಸಿಗೆ ರಜೆಗೆ ಹೋಗುವ ಮನೆಗೆ 70 ಕಿಲೋ ಸಾಕಾಗಬೇಕು. ಖರ್ಜೂರ, ಬಾದಾಮಿ, ಹಾಲಿನ ಪುಡಿ, ಅತ್ತಿಗೆ ಹೇಳಿದ ಸೆಂಟು, ಎಲ್ಲ ಸೇರಿಸಿದರೂ. ಹಾಗಿದ್ದ ಮೇಲೆ ಯಜಮಾನರಿಗೆ ಇನ್ನೊಂದು 30 ಕಿಲೋ ಕೊಂಡು ಏನು ಮಾಡುವುದು? ಅವರಿಗೆ ಲೈಟ್ ತೆಗೆಯಿರಿ. ಹತ್ತು ದಿನದ ಬಟ್ಟೆ 7 ಕಿಲೋದ ಬ್ಯಾಗಿನಲ್ಲಿ ಹಿಡಿಯುತ್ತದೆ, ಊರಿನ ಮನೆಯಲ್ಲಿ ಲುಂಗಿಗೇನು ಕೊರತೆ.

ಅಂಕಿ ಹಾಕಿ ತೋರಿಸುತ್ತೇನೆ. ಇವು ಲೆಕ್ಕಕ್ಕೆಂದು ನಾನು ಇಟ್ಟುಕೊಂಡ ಬೆಲೆಗಳು, ಮಾರುಕಟ್ಟೆಯವಲ್ಲ. ಮಾಮೂಲಿ ಟಿಕೆಟ್ 800 ದಿರ್ಹಮ್‌ಗೆ ಎರಡೇ ಉಳಿದಿವೆ, ಮುಂದಿನ ಕಂತು 900. ಲೈಟ್ ಯಾವಾಗಲೂ 100 ಕಡಿಮೆ. ಮೂವರಿಗೂ ಒಟ್ಟಿಗೆ ಮಾಮೂಲಿ ತೆಗೆದರೆ 2,700. ನಿಮಗೆ, ಮಗನಿಗೆ 800ರಂತೆ 1,600, ಆಮೇಲೆ ಯಜಮಾನರಿಗೆ 900ರ ಕಂತಿನಲ್ಲಿ 800ಕ್ಕೆ ಲೈಟ್ ತೆಗೆದರೆ ಒಟ್ಟು 2,400. ಮುನ್ನೂರು ದಿರ್ಹಮ್ ಉಳಿಯಿತು, ಹೋದದ್ದು ಬೇಡದ 30 ಕಿಲೋ. ಯಾವ ಬುಕಿಂಗ್ ಮೊದಲು ಎಂಬುದೂ ಮುಖ್ಯ. ಇಬ್ಬರದ್ದು ಮೊದಲು ಮುಗಿಸಿ, ಆಮೇಲೆ ಒಬ್ಬರದ್ದು.

ಲೈಟ್ ಟಿಕೆಟ್ಟಿನ ಅಪಾಯ ಒಂದೇ, ಕೊನೆಗಳಿಗೆಯ ಚಪಲ. ಹೊರಡುವ ರಾತ್ರಿ ಪಕ್ಕದ ಫ್ಲಾಟಿನವರು ‘ಇದೊಂದು ಸಣ್ಣ ಪೊಟ್ಟಣ, ನಮ್ಮ ಮನೆಗೆ’ ಎಂದು ತರುತ್ತಾರೆ. ಕೌಂಟರಿನಲ್ಲಿ ಹೆಚ್ಚುವರಿ ಕಿಲೋಗೆ 50 ದಿರ್ಹಮ್ ಇದೆ ಎಂದಿಟ್ಟುಕೊಳ್ಳಿ, 8 ಕಿಲೋ ಮೀರಿದರೆ 400. ಉಳಿಸಿದ ಮುನ್ನೂರೂ ಹೋಯಿತು, ಮೇಲೆ ನೂರೂ ಹೋಯಿತು. ಜಾಸ್ತಿ ಬೇಕಾಗಬಹುದು ಎಂಬ ಅನುಮಾನ ಬಂದರೆ ವಿಮಾನ ನಿಲ್ದಾಣಕ್ಕೆ ಹೋಗುವ ಮೊದಲೇ ವೆಬ್‌ಸೈಟಿನಲ್ಲಿ ಕಿಲೋ ಕೊಂಡುಬಿಡಿ. ಮುಂಗಡವಾಗಿ ಕೊಂಡರೆ ಕೌಂಟರಿಗಿಂತ ಬಹಳ ಕಡಿಮೆ. ಆದರೆ ವಿಮಾನ ಹೊರಡುವ ಕೆಲವು ಗಂಟೆ ಮುಂಚೆಯೇ ಆ ಅವಕಾಶ ಮುಚ್ಚುತ್ತದೆ. ಪಕ್ಕದ ಮನೆಯ ಪೊಟ್ಟಣದ ಬಗ್ಗೆ ಇನ್ನೊಂದು ಮಾತು: ಒಳಗೇನಿದೆ ಎಂದು ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ. ಎಷ್ಟೇ ಆತ್ಮೀಯರಾದರೂ.

ಬರುವಾಗಿನ ಲೆಕ್ಕ ಬೇರೆ. ನೀವು, ಅತ್ತೆ, ಮಗ, ಮತ್ತೆ ಈಗ ಸೀಟಿನವಳಾದ ಮಗಳು. ನಾಲ್ಕು ಸೀಟು. ಎಲ್ಲರಿಗೂ ಮಾಮೂಲಿ ಟಿಕೆಟ್ ತೆಗೆದರೆ 120 ಕಿಲೋ ನಿಮ್ಮ ಹಕ್ಕು. ಪುತ್ತೂರಿನಿಂದ 120 ಕಿಲೋ ತುಂಬಿಸುವುದು ಕಷ್ಟವಲ್ಲ, ಕುಚ್ಚಲಕ್ಕಿಯೊಂದೇ ಸಾಕು. ಆದರೆ ದುಬೈಯಲ್ಲಿ ಕುಚ್ಚಲಕ್ಕಿ ಸಿಗುತ್ತದೆ. ಸಿಗದ್ದು ನಿಮ್ಮ ಅಮ್ಮ ಹಾಕಿದ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಗಾಣದ ತೆಂಗಿನೆಣ್ಣೆ. ಅವುಗಳಿಗೂ ನಾಲ್ಕು ಜನರ ಬಟ್ಟೆಗೂ ಎಷ್ಟು ಕಿಲೋ ಬೇಕು ಎಂದು ಮೊದಲು ಅಂದಾಜು ಹಾಕಿ. 40 ಕಿಲೋದಲ್ಲಿ ಮುಗಿಯುವುದಾದರೆ ನಾಲ್ವರಿಗೂ ಲೈಟ್ ತೆಗೆದು, ಇಬ್ಬರ ಹೆಸರಿನಲ್ಲಿ ಮಾತ್ರ 20 ಕಿಲೋದಂತೆ ಮುಂಗಡ ಕೊಳ್ಳುವುದು ಅಗ್ಗವಾಗಬಹುದು. ಮತ್ತೆ ನಾನು ಇಟ್ಟ ಅಂಕಿ: ಮಾಮೂಲಿ 1,100ರಂತೆ ನಾಲ್ಕು, 4,400. ಲೈಟ್ 1,000ದಂತೆ 4,000, ಮೇಲೆ 20 ಕಿಲೋಗೆ ನೂರರಂತೆ ಎರಡು ಬಾರಿ, ಒಟ್ಟು 4,200. ಆ 20 ಕಿಲೋದ ಬೆಲೆ ನೂರಲ್ಲದೆ ಇನ್ನೂರಾದರೆ ಎರಡೂ ಸಮ. ಆಗ ಕಣ್ಣುಮುಚ್ಚಿ ಮಾಮೂಲಿ ತೆಗೆಯಿರಿ. ಹಾಗಾಗಿ ಲೈಟ್ ಎಂದ ಕೂಡಲೇ ಒತ್ತಬೇಡಿ. ಮುಂದಿನ ಪುಟಕ್ಕೆ ಹೋಗಿ ಕಿಲೋದ ಬೆಲೆಯನ್ನೂ ನೋಡಿ ಬನ್ನಿ.

ಕಾಗದದ ಲೆಕ್ಕದಲ್ಲಿ ನಾಲ್ವರಿಗೂ 7 ಕಿಲೋದಂತೆ 28 ಕಿಲೋ ಕೈಬ್ಯಾಗು ಬರುತ್ತದೆ. ಇದನ್ನು ನಂಬಿ ಕೆಡಬೇಡಿ. ಎರಡು ವರ್ಷದವಳು ಬ್ಯಾಗು ಹೊರುವುದಿಲ್ಲ, ನಿದ್ದೆ ಬಂದರೆ ಅವಳನ್ನೇ ಹೊರಬೇಕು. ಅತ್ತೆಯ ಮಂಡಿ ಹೇಗಿದೆಯೋ ನನಗೆ ಗೊತ್ತಿಲ್ಲ. ಮಕ್ಕಳ ಜೊತೆ ಒಬ್ಬಳೇ ಅಮ್ಮ ಹೋಗುವಾಗ ಬೆನ್ನಿಗೆ ಒಂದು, ಅತ್ತೆಯ ಕೈಯಲ್ಲಿ ಹಗುರದ್ದು ಒಂದು. ಅಷ್ಟರ ಮೇಲೆ ಹೋಗಬಾರದು ಎಂಬುದು ನನ್ನ ಅಭಿಪ್ರಾಯ. ಮಡಚುವ ಸ್ಟ್ರಾಲರನ್ನು ಸಾಮಾನ್ಯವಾಗಿ ದುಡ್ಡಿಲ್ಲದೆ ಒಯ್ಯಬಹುದು. ವಿಮಾನದ ಬಾಗಿಲವರೆಗೆ ತಳ್ಳಿಕೊಂಡು ಹೋಗಲು ಬಿಡುತ್ತಾರೋ ಎಂದು ಕೌಂಟರಿನಲ್ಲೇ ಕೇಳಿ.

ಒಂದೇ ಪಿಎನ್‌ಆರ್‌ನವರ ಲಗೇಜನ್ನು ಸಾಮಾನ್ಯವಾಗಿ ಒಟ್ಟಾಗಿ ತೂಗುತ್ತಾರೆ. ಒಂದು ಪೆಟ್ಟಿಗೆ 26, ಇನ್ನೊಂದು 19 ಆದರೂ ಒಟ್ಟು ಸರಿಯಿದ್ದರೆ ತಕರಾರಿಲ್ಲ. ಆದರೆ ಕೆಲವು ಕಂಪನಿಗಳು ಕಿಲೋ ಜೊತೆಗೆ ಎಷ್ಟು ಪೀಸು ಎಂದೂ ಎಣಿಸುತ್ತವೆ. ಎಂಟು ಸಣ್ಣ ಚೀಲಗಳಿಗಿಂತ ಮೂರು ದೊಡ್ಡವು ಒಳ್ಳೆಯದು. ಒಂದು ಪೆಟ್ಟಿಗೆ 32 ಕಿಲೋ ಮೀರಬಾರದು. ಎತ್ತಿ ಹಾಕುವ ಕೆಲಸಗಾರರ ಸೊಂಟದ ಪ್ರಶ್ನೆ ಅದು, ದುಡ್ಡು ಕೊಟ್ಟರೂ ಬಿಡುವುದಿಲ್ಲ. ಇನ್ನು ಗಟ್ಟಿ ಟ್ರಾಲಿ ಸೂಟ್‌ಕೇಸು ಖಾಲಿಯೇ ನಾಲ್ಕು ಕಿಲೋ ತೂಗುತ್ತದೆ. ಮೂರು ತೆಗೆದುಕೊಂಡರೆ 12 ಕಿಲೋ ಬರೀ ಪೆಟ್ಟಿಗೆಗೇ ಹೋಯಿತು. ಬಟ್ಟೆಯ ಹಗುರ ಬ್ಯಾಗು ಅಥವಾ ಚೌಕದ ರಟ್ಟಿನ ಪೆಟ್ಟಿಗೆ ಲೇಸು.

ಚೌಕ ಎಂದು ಸುಮ್ನೆ ಹೇಳಿದ್ದಲ್ಲ. ದುಬೈ ವಿಮಾನ ನಿಲ್ದಾಣದಲ್ಲಿ 2017ರ ಮಾರ್ಚ್ 8ರಿಂದ ಒಂದು ನಿಯಮವಿದೆ. ಗುಂಡಗಿನ, ಅಡ್ಡಾದಿಡ್ಡಿ ಆಕಾರದ, ಒಂದು ಬದಿಯೂ ಸಪಾಟಿಲ್ಲದ ಲಗೇಜನ್ನು ತೆಗೆದುಕೊಳ್ಳುವುದಿಲ್ಲ. ಬೆಲ್ಟಿನಲ್ಲಿ ಸಿಕ್ಕಿಹಾಕಿಕೊಂಡು ಇಡೀ ವ್ಯವಸ್ಥೆ ನಿಲ್ಲುತ್ತದೆ ಎಂಬುದು ಕಾರಣ. ಹಗ್ಗ ಸುತ್ತಿದ ಕಂಬಳಿಯ ಗಂಟು ಕೊಲ್ಲಿಯಿಂದ ಊರಿಗೆ ಹೋಗುವವರ ಗುರುತೇ ಆಗಿತ್ತು. ಅದನ್ನು ಅಲ್ಲಿ ಈಗ ಬಿಚ್ಚಿಸಿ ಪೆಟ್ಟಿಗೆಗೆ ಹಾಕಿಸುತ್ತಾರೆ. ನೀವು ಮನೆಯಲ್ಲೇ ಹಾಕಿಕೊಂಡು ಹೋಗಿ. ಕೊಕ್ಕೆಗೆ ನೇತುಹಾಕಿ ತೂಗುವ ಪುಟ್ಟ ತಕ್ಕಡಿ ಒಂದು ಮನೆಯಲ್ಲಿರಲಿ, ಬರುವಾಗ ಊರಿಗೂ ಅದೇ ಬೇಕು.

ಜುಲೈ ಎಂದರೆ ಕರಾವಳಿಯಲ್ಲಿ ಮಳೆಯ ಅಬ್ಬರ. ಮಂಗಳೂರಿನದು ಗುಡ್ಡದ ಮೇಲಿನ ಟೇಬಲ್ ಟಾಪ್ ರನ್‌ವೇ. ಕಣ್ಣು ಕಾಣದಷ್ಟು ಮಳೆ ಹೊಡೆದರೆ ಪೈಲಟ್ ಇಳಿಸುವುದಿಲ್ಲ, ಬೆಂಗಳೂರಿಗೋ ಕೊಚ್ಚಿಗೋ ಹೋಗಿ ಕಾಯುತ್ತಾರೆ. ಸರಿಯಾದ ಕೆಲಸವೇ. ಆದರೆ ನಿಮ್ಮ ಮಗಳಿಗೆ ಅಷ್ಟು ಹೊತ್ತಿಗೆ ಹಸಿವಾಗಿರುತ್ತದೆ, ಡಯಾಪರ್ ಒದ್ದೆಯಾಗಿರುತ್ತದೆ. ಕೈಬ್ಯಾಗಿನಲ್ಲಿ ಮಾಮೂಲಿಗಿಂತ ಅರ್ಧ ದಿನದಷ್ಟು ಜಾಸ್ತಿ ಇಟ್ಟುಕೊಳ್ಳಿ. 100 ಎಂಎಲ್ ದ್ರವದ ಮಿತಿ ಮಗುವಿನ ಹಾಲಿಗೂ ಆಹಾರಕ್ಕೂ ಇಲ್ಲ. ಪ್ರಯಾಣಕ್ಕೆ ಬೇಕಾದಷ್ಟು ಒಯ್ಯಬಹುದು, ತಪಾಸಣೆಯಲ್ಲಿ ಹೊರಗೆ ತೆಗೆದು ತೋರಿಸಬೇಕು ಅಷ್ಟೇ. ಪವರ್ ಬ್ಯಾಂಕ್ ಕೈಬ್ಯಾಗಿನಲ್ಲೇ ಇರಬೇಕು, ಕೆಳಗಿನ ಲಗೇಜಿಗೆ ಹಾಕಬಾರದು. ಇಳಿದ ಮೇಲೆ ಪೆಟ್ಟಿಗೆ ಬರಲಿಲ್ಲ ಎಂದಾದರೆ ಹೊರಗೆ ಹೋಗುವ ಮೊದಲೇ ಅಲ್ಲಿನ ಕೌಂಟರಿನಲ್ಲಿ ದೂರು ಬರೆಸಿ, ಪ್ರತಿ ಇಟ್ಟುಕೊಳ್ಳಿ. ಮನೆಗೆ ಹೋಗಿ ಫೋನ್ ಮಾಡೋಣ ಎಂದುಕೊಂಡರೆ ಕೆಲಸ ನಾಲ್ಕು ಪಟ್ಟಾಗುತ್ತದೆ.

ಸೀಟಿನ ಬಗ್ಗೆ ಒಂದು ಸಣ್ಣ ಸಂಗತಿ. ಈ ಮಾರ್ಗದ ವಿಮಾನಗಳಲ್ಲಿ ಒಂದು ಬದಿಗೆ ಮೂರು ಸೀಟು. ಆ ಮೂರಕ್ಕೆ ಮೇಲಿನಿಂದ ಇಳಿಯುವ ಆಮ್ಲಜನಕದ ಮಾಸ್ಕು ಸಾಮಾನ್ಯವಾಗಿ ನಾಲ್ಕು. ಅಂದರೆ ಒಂದು ಬದಿಗೆ ಒಂದೇ ಮಡಿಲ ಮಗು. ಅದೇ ಸಾಲಿಗೆ ಇನ್ನೊಂದು ಪುಟ್ಟ ಮಗು ಬಂದರೆ ಗಗನಸಖಿ ನಿಮ್ಮಲ್ಲೊಬ್ಬರನ್ನು ಎಬ್ಬಿಸಿ ಬೇರೆ ಕಡೆ ಕೂರಿಸುವುದು ಇದಕ್ಕೇ. ಸೀಟಿಗೆ ದುಡ್ಡು ಕಟ್ಟಿದ್ದೇನೆ ಎಂದು ಜಗಳಕ್ಕೆ ಹೋಗಬೇಡಿ.

ಇನ್ನು ಊರಿನಿಂದ ತರುವ ಸಾಮಾನು. ಇಲ್ಲಿ ಕಿಲೋಗಿಂತ ಕಾನೂನು ದೊಡ್ಡದು. ಗಸಗಸೆ ಯುಎಇಗೆ ತರಲೇಬಾರದು. ನಮಗೆ ಅದು ಪಾಯಸದ ಸಾಮಾನು, ಅಲ್ಲಿ ಮಾದಕ ವಸ್ತುವಿನ ಪಟ್ಟಿಯಲ್ಲಿದೆ. ಒಂದು ಚಮಚ ಸಿಕ್ಕಿದರೂ ದೊಡ್ಡ ತೊಂದರೆ. ಮನೆಯಲ್ಲಿ ಮಾಡಿಕೊಟ್ಟ ಮಸಾಲೆ ಪುಡಿಯಲ್ಲಿ ಗಸಗಸೆ ಹುರಿದು ಹಾಕಿದ್ದಾರೆಯೇ ಎಂದೂ ಕೇಳಿ. ವೀಳ್ಯದೆಲೆಯೂ ನಿಷಿದ್ಧ, ಅತ್ತೆಗೆ ಎಲೆ-ಅಡಿಕೆ ಅಭ್ಯಾಸವಿದ್ದರೆ ಈಗಲೇ ಹೇಳಿಬಿಡಿ. ಒಣ ಕೊಬ್ಬರಿಯನ್ನು ವಿಮಾನದಲ್ಲೇ ಬಿಡುವುದಿಲ್ಲ, ಎಣ್ಣೆಯಂಶದಿಂದ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿ ಅದಿದೆ. ಇಡೀ ತೆಂಗಿನಕಾಯಿಯನ್ನೂ ಕೈಬ್ಯಾಗಿನಲ್ಲಿ ಬಿಡುವುದಿಲ್ಲ. ಶಬರಿಮಲೆಗೆ ಹೋಗುವವರ ಇರುಮುಡಿಯಲ್ಲಿನ ಕಾಯಿಗೆ 2024ರ ಅಕ್ಟೋಬರ್‌ನಲ್ಲಿ ಸರ್ಕಾರ ವಿಶೇಷ ಅನುಮತಿ ಕೊಡಬೇಕಾಯಿತು ಎಂದ ಮೇಲೆ ನಿಯಮ ಎಷ್ಟು ಬಿಗಿ ಎಂದು ಊಹಿಸಿ. ಎಣ್ಣೆ, ಉಪ್ಪಿನಕಾಯಿ ಎಲ್ಲ ಕೆಳಗಿನ ಲಗೇಜಿಗೆ, ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದೊಳಗೆ. ಅತ್ತೆಯ ಮಾತ್ರೆಗಳಿಗೆ ಡಾಕ್ಟರ ಚೀಟಿ ಜೊತೆಯಲ್ಲೇ ಇರಲಿ. ಕೊಡೀನ್, ಟ್ರಮಡಾಲ್ ಇರುವ ಔಷಧಿಗಳಿಗೆ ಅಲ್ಲಿ ಕಟ್ಟುನಿಟ್ಟು ಜಾಸ್ತಿ.

ಬೆಂಗಳೂರಿಗೆ ಟಿಕೆಟ್ ಅಗ್ಗ, ಅಲ್ಲಿಂದ ಮಂಗಳೂರಿಗೆ ಇನ್ನೊಂದು ವಿಮಾನ ಹಿಡಿದರಾಯಿತು ಎಂದು ಯಾರಾದರೂ ಹೇಳಿದರೆ ಹುಷಾರು. ಎರಡೂ ಬೇರೆ ಬೇರೆ ಬುಕಿಂಗ್ ಆದರೆ ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ತಲೆಗೆ 15 ಕಿಲೋ ಮಾತ್ರ. ದುಬೈಯಲ್ಲಿ ಸರಿಯಿದ್ದ 70 ಕಿಲೋ ಬೆಂಗಳೂರಿನಲ್ಲಿ ಒಮ್ಮೆಲೇ ಮಿತಿಯ ದುಪ್ಪಟ್ಟಿಗಿಂತ ಜಾಸ್ತಿ ಆಗಿಬಿಡುತ್ತದೆ. ಒಂದೇ ಟಿಕೆಟ್ಟಿನಲ್ಲಿ ಮುಂದುವರಿಯುವ ಪ್ರಯಾಣವಾದರೆ ಈ ತೊಂದರೆ ಇರುವುದಿಲ್ಲ. ಆದರೂ ಕಸ್ಟಮ್ಸ್‌ಗಾಗಿ ಸಾಮಾನ್ಯವಾಗಿ ಬೆಂಗಳೂರಿನಲ್ಲೇ ಲಗೇಜ್ ಎತ್ತಿ ಮತ್ತೆ ಒಪ್ಪಿಸಬೇಕಾಗುತ್ತದೆ. ಎರಡು ಮಕ್ಕಳ ಜೊತೆ ಅದು ಬೇಡ. ನೋಡುವುದಾದರೆ ಅಬುಧಾಬಿಯಿಂದ ಮಂಗಳೂರಿಗೆ ನೇರ ವಿಮಾನದ ರೇಟು ನೋಡಿ, ಅಥವಾ ಕಣ್ಣೂರಿಗೆ ನೋಡಿ. ಕಣ್ಣೂರು 2018ರ ಡಿಸೆಂಬರಿನಲ್ಲಿ ಶುರುವಾದ ಮೇಲೆ ಕಾಸರಗೋಡಿನ ಈಚಿನವರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಕಾರಿನ ಬಾಡಿಗೆ ಕೂಡಿಸಿ ನೋಡಿದಾಗ ಉಳಿತಾಯ ಉಳಿದರೆ ಮಾತ್ರ. ಮಳೆಗಾಲದ ಹೆದ್ದಾರಿಯಲ್ಲಿ ನಾಲ್ಕು ಗಂಟೆ ಎಂದರೆ ಐದು ಎಂದೇ ಇಟ್ಟುಕೊಳ್ಳಿ.

ಅತ್ತೆಯ ಟಿಕೆಟ್ಟಿನಲ್ಲಿ ಮರೆಯಬಾರದ್ದು ಒಂದಿದೆ. ವಿಸಿಟ್ ವೀಸಾದಲ್ಲಿ ಬರುವವರಿಗೆ ಮಂಗಳೂರಿನ ಕೌಂಟರಿನಲ್ಲಿ ವಾಪಸ್ ಟಿಕೆಟ್ ಕೇಳುತ್ತಾರೆ, ಇಲ್ಲದಿದ್ದರೆ ಹತ್ತಿಸುವುದಿಲ್ಲ. ಹಾಗೆಂದು ಅವರಿಗೆ ಬೇರೆಯಾಗಿ ಹೋಗಿ-ಬರುವ ಬುಕಿಂಗ್ ಮಾಡಬೇಡಿ, ನಿಮ್ಮ ಪಿಎನ್‌ಆರ್‌ನಿಂದ ಹೊರಗೆ ಬೀಳುತ್ತಾರೆ. ಬರುವುದು ನಿಮ್ಮ ಜೊತೆ ಒಂದೇ ಬುಕಿಂಗಿನಲ್ಲಿರಲಿ. ವಾಪಸ್ಸಿಗೆ ವೀಸಾದ ಅವಧಿಯೊಳಗೆ ಬೀಳುವ, ಆಮೇಲೆ ತಾರೀಕು ಬದಲಾಯಿಸಬಹುದಾದ ಒಂದು ಟಿಕೆಟ್ ಪ್ರತ್ಯೇಕ ತೆಗೆಯಿರಿ. ಯಾವುದೇ ಕಾರಣಕ್ಕೆ ಆ ಟಿಕೆಟ್ ರದ್ದು ಮಾಡಿದರೆ ‘ವಾಪಸ್ ಹಣವಿಲ್ಲ’ ಎಂಬ ಮಾತಿಗೆ ಸುಮ್ಮನಾಗಬೇಡಿ. ಮೂಲ ದರ ಹೋದರೂ, ಅದರ ಮೇಲೆ ಹಾಕಿದ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕವನ್ನು ಮರಳಿಸಬೇಕು ಎಂದು ಡಿಜಿಸಿಎ ನಿಯಮವಿದೆ. ಕೇಳಿದವರಿಗೆ ಸಿಗುತ್ತದೆ.

ಕೊನೆಗೆ, ಯಾವುದನ್ನು ಮೊದಲು ತೆಗೆಯಬೇಕು. ಎಲ್ಲರೂ ಹೋಗುವ ಟಿಕೆಟ್ಟಿಗೆ ಮೊದಲು ಕೈಹಾಕುತ್ತಾರೆ. ನೀವು ಆಗಸ್ಟ್ ಕೊನೆಯ ನಾಲ್ಕು ಸೀಟನ್ನು ಮೊದಲು ತೆಗೆಯಿರಿ. ಆ ವಾರ ಊರಿಗೆ ಹೋದ ಇಡೀ ಜನ ಒಂದೇ ದಿಕ್ಕಿಗೆ ಹೊರಟಿರುತ್ತಾರೆ, ನಾಲ್ಕು ಸೀಟು ಒಂದೇ ಕಂತಿನಲ್ಲಿ ಸಿಗುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತದೆ. ಆದರೆ ಹುಡುಕುವಾಗ ಶಾಲೆ ತೆರೆಯುವ ಮುನ್ನಾದಿನವನ್ನೇ ಹಿಡಿದು ಕೂರಬೇಡಿ, ಅದಕ್ಕೂ ನಾಲ್ಕೈದು ದಿನ ಮುಂಚಿನ ತಾರೀಕುಗಳನ್ನೂ ನೋಡಿ. ಆಮೇಲೆ ಜುಲೈಗೆ ಹೋಗುವ ನಿಮ್ಮ ಮತ್ತು ಮಕ್ಕಳ ಟಿಕೆಟ್, ಅದರ ಬೆನ್ನಿಗೇ ಯಜಮಾನರ ಲೈಟ್. ಜುಲೈ ನಡುವೆ ಅವರು ದುಬೈಗೆ ಮರಳುವ ಟಿಕೆಟ್ ಇದೆಯಲ್ಲ, ಅದಕ್ಕೆ ಅವಸರ ಬೇಡ. ಆ ಹೊತ್ತಿನಲ್ಲಿ ಜನ ದುಬೈಯಿಂದ ಹೊರಡುತ್ತಾರೆಯೇ ಹೊರತು ದುಬೈಗೆ ಹೋಗುವವರು ಕಡಿಮೆ. ಅವರ ಕೈಯಲ್ಲಿ ಉಪ್ಪಿನಕಾಯಿಯ ಭರಣಿ ಕಳಿಸುವ ಯೋಚನೆ ನಿಮಗಿದ್ದರೆ ಮಾತ್ರ ಆ ಟಿಕೆಟ್ಟಿಗೆ ಒಂದಿಷ್ಟು ಕಿಲೋ ಸೇರಿಸಿ.